ಒಂದು ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು

ಸೇನಾ ಭರ್ತಿಯ ಓಟ 1.6 ಕಿಲೋಮೀಟರು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಇದು ಗೊತ್ತಿಲ್ಲದ ಹುಡುಗ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಸಿಗಲಿಕ್ಕಿಲ್ಲ. ಆದರೆ ಆ ಹೊತ್ತನ್ನು ನಾಲ್ಕರಿಂದ ಭಾಗಿಸಿ ನೋಡಿದವರು ಕಡಿಮೆ. 400 ಮೀಟರಿನ ಒಂದು ಸುತ್ತಿಗೆ 82.5 ಸೆಕೆಂಡು ಬರುತ್ತದೆ, 100 ಮೀಟರಿಗೆ 20 ಸೆಕೆಂಡಿಗಿಂತ ತುಸು ಹೆಚ್ಚು. ಗಂಟೆಗೆ ಹದಿನೇಳೂವರೆ ಕಿಲೋಮೀಟರು ಅಂದರೆ ಆರಾಮವಾಗಿ ಸೈಕಲ್ ತುಳಿಯುವವನ ವೇಗ. ಈ ವೇಗದಲ್ಲಿ ಒಂದು ಸುತ್ತು ಓಡುವುದು ಗಟ್ಟಿಮುಟ್ಟಾದ ಹಳ್ಳಿಯ ಹುಡುಗನಿಗೆ ಕಷ್ಟವೇ ಅಲ್ಲ. ಅದೇ ವೇಗವನ್ನು ನಾಲ್ಕು ಸುತ್ತು ಹಿಡಿದುಕೊಳ್ಳುವುದರಲ್ಲಿದೆ ಪರೀಕ್ಷೆ.

ನಮ್ಮ ತಾಲ್ಲೂಕು ಮೈದಾನದಲ್ಲಿ ಬೆಳಗಿನ ಜಾವ ಸ್ಟಾಪ್‌ವಾಚ್ ಹಿಡಿದು ಹುಡುಗರಿಗೆ ಸಮಯ ನೋಡಿಕೊಟ್ಟವನು ನಾನು. ಶಕ್ತಿಯಿಲ್ಲದೆ ಸೋತವರಿಗಿಂತ ಲೆಕ್ಕವಿಲ್ಲದೆ ಸೋತವರನ್ನೇ ಹೆಚ್ಚು ಕಂಡಿದ್ದೇನೆ. ಆ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭರ್ತಿಯ ದಾರಿ ಹೇಗಿದೆ ನೋಡೋಣ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾದ ಮೇಲೆ ಸೈನಿಕರ ಹುದ್ದೆಗೆ ಸೇರುವವರಲ್ಲಿ ಬಹುತೇಕರು ನಾಲ್ಕು ವರ್ಷದ ಅಗ್ನಿವೀರರಾಗಿ ಸೇರುತ್ತಾರೆ. ಅವಧಿ ಮುಗಿದಾಗ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರಿಗೆ ಮುಂದುವರಿಯುವ ಅವಕಾಶ. ಉಳಿದವರು ಸೇವಾನಿಧಿ ಎಂಬ ಇಡಿಗಂಟಿನ ಹಣ ಪಡೆದು ಹೊರಬರುತ್ತಾರೆ. ಇದನ್ನು ತಿಳಿದುಕೊಂಡೇ ಓಟಕ್ಕೆ ಇಳಿಯಬೇಕು. ಹಿಂದೆ ಮೊದಲು ರ್‍ಯಾಲಿ, ಆಮೇಲೆ ಬರವಣಿಗೆಯ ಪರೀಕ್ಷೆ ಇತ್ತು. ಸಾವಿರಾರು ಹುಡುಗರು ಒಂದೇ ಊರಿಗೆ ಬಂದು ಬಸ್ ನಿಲ್ದಾಣದಲ್ಲಿ ಮಲಗೇಳುತ್ತಿದ್ದರು. 2023ರಿಂದ ಅದು ತಿರುವುಮುರುವಾಯಿತು. ಮೊದಲು ಕಂಪ್ಯೂಟರಿನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ್‍ಯಾಲಿಯ ಕರೆ. 2025ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಿಂದಿ, ಇಂಗ್ಲಿಷಿನ ಪ್ರಶ್ನೆಪತ್ರಿಕೆಯ ಮುಂದೆ ಕೂತು ಕಂಗಾಲಾಗುತ್ತಿದ್ದ ನಮ್ಮ ಹುಡುಗರಿಗೆ ಇದು ದೊಡ್ಡ ಅನುಕೂಲ, ಇದನ್ನು ಬಿಡಬೇಡಿ. ಕರ್ನಾಟಕದಲ್ಲಿ ಬೆಂಗಳೂರು, ಬೆಳಗಾವಿ, ಮಂಗಳೂರುಗಳಲ್ಲಿ ಸೇನಾ ಭರ್ತಿ ಕಚೇರಿಗಳಿವೆ. ನಿಮ್ಮ ಜಿಲ್ಲೆ ಯಾವ ಕಚೇರಿಗೆ ಸೇರುತ್ತದೆ ಎಂಬುದು ಆ ವರ್ಷದ ಅಧಿಸೂಚನೆಯಲ್ಲೇ ಇರುತ್ತದೆ.

ರ್‍ಯಾಲಿಯ ದೈಹಿಕ ಪರೀಕ್ಷೆ ಒಟ್ಟು 100 ಅಂಕಕ್ಕೆ. ಓಟಕ್ಕೆ 60, ಬೀಮ್‌ಗೆ ಅಂದರೆ ಪುಲ್‌ಅಪ್‌ಗೆ 40. ಒಂಬತ್ತು ಅಡಿ ಹಳ್ಳದ ಜಿಗಿತ ಮತ್ತು ಅಂಕುಡೊಂಕು ಹಲಗೆಯ ಮೇಲಿನ ನಡಿಗೆಗೆ ಅಂಕವಿಲ್ಲ, ತೇರ್ಗಡೆಯಾದರೆ ಸಾಕು. ಓಟದಲ್ಲಿ ಮೊದಲು ಎರಡೇ ಗುಂಪುಗಳಿದ್ದವು. 5:30ರೊಳಗೆ ಬಂದವರಿಗೆ 60 ಅಂಕ, 5:45ರೊಳಗೆ ಬಂದವರಿಗೆ 48, ಅದರಾಚೆಗೆ ಹಗ್ಗ ಅಡ್ಡ ಬೀಳುತ್ತಿತ್ತು. ಈಚಿನ ಭರ್ತಿಗಳಲ್ಲಿ ಇನ್ನೆರಡು ಗುಂಪು ಸೇರಿವೆ: 6 ನಿಮಿಷದೊಳಗೆ ಮುಗಿಸಿದರೆ 36, 6:15ರೊಳಗೆ ಮುಗಿಸಿದರೆ 24. ಬೀಮ್‌ನಲ್ಲಿ 10 ಎಳೆದರೆ 40 ಅಂಕ, 9ಕ್ಕೆ 33, 8ಕ್ಕೆ 27, 7ಕ್ಕೆ 21, 6ಕ್ಕೆ 16. ಆರಕ್ಕಿಂತ ಕಡಿಮೆಯಾದರೆ ಮನೆಗೆ.

ಈ ಅಂಕಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಕೂತು ನೋಡಿ. 5:28ರಲ್ಲಿ ಓಡಿ ಬೀಮ್‌ನಲ್ಲಿ 6 ಎಳೆದವನಿಗೆ 76. 5:40ರಲ್ಲಿ ಓಡಿ 10 ಎಳೆದವನಿಗೆ 88. ಓಟದಲ್ಲಿ ಹನ್ನೆರಡು ಸೆಕೆಂಡು ಹಿಂದೆ ಬಿದ್ದವನು ಹನ್ನೆರಡು ಅಂಕ ಮುಂದಿದ್ದಾನೆ. ಮೈದಾನಕ್ಕೆ ಬರುವ ಹತ್ತು ಹುಡುಗರಲ್ಲಿ ಒಂಬತ್ತು ಮಂದಿ ದಿನವೂ ಓಡುತ್ತಾರೆ, ಬೀಮ್ ಮುಟ್ಟುವುದು ಕೊನೆಯ ಐದು ನಿಮಿಷ, ಅದೂ ಯಾರಾದರೂ ನೋಡುತ್ತಿದ್ದರೆ. ಅಂತಿಮ ಮೆರಿಟ್ ಪಟ್ಟಿಯಲ್ಲಿ ಬರವಣಿಗೆಯ ಅಂಕದ ಜೊತೆ ಈ ಅಂಕವೂ ಲೆಕ್ಕಕ್ಕೆ ಬರುತ್ತದೆ. ಪಾಸಾದೆ ಅಂದುಕೊಂಡು ಊರಿಗೆ ಬಂದವನ ಹೆಸರು ಪಟ್ಟಿಯಲ್ಲಿ ಇಲ್ಲದೆ ಹೋಗುವುದಕ್ಕೆ ಈ ಬೀಮ್ ಎಷ್ಟೋ ಸಲ ಕಾರಣ.

ಇನ್ನು ಓಟಕ್ಕೆ ಬರೋಣ. ಹಗ್ಗ ಎತ್ತಿದ ಕೂಡಲೇ ನೂರಾರು ಕಾಲು ಒಟ್ಟಿಗೆ ಕಿತ್ತುಕೊಳ್ಳುತ್ತವೆ. ಹಿಂದೆ ಉಳಿಯುವ ಭಯಕ್ಕೆ ಎಲ್ಲರೂ ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಎರಡನೆಯದು 82 ಆಗುತ್ತದೆ, ಮೂರನೆಯದು 92, ನಾಲ್ಕನೆಯದು ಕಾಲೆಳೆದುಕೊಂಡು 95. ಕೂಡಿಸಿದರೆ 339 ಸೆಕೆಂಡು, ಅಂದರೆ 5:39. ಅದೇ ಹುಡುಗ 82, 83, 84, 80 ಎಂದು ಓಡಿದ್ದರೆ 5:29. ಮೊದಲ ಸುತ್ತಿನಲ್ಲಿ ಗಳಿಸಿದ ಹನ್ನೆರಡು ಸೆಕೆಂಡನ್ನು ಕೊನೆಯ ಎರಡು ಸುತ್ತು ಬಡ್ಡಿ ಸಮೇತ ವಸೂಲಿ ಮಾಡಿಬಿಡುತ್ತವೆ. ಕಾರಣ ದೇಹದೊಳಗಿದೆ. ಅತಿವೇಗದಲ್ಲಿ ಓಡುವಾಗ ಉಸಿರಿನ ಆಮ್ಲಜನಕ ಸಾಲದೆ ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಶಕ್ತಿ ತೆಗೆಯುತ್ತವೆ. ಆ ದಾರಿ ವೇಗದ್ದು, ಆದರೆ ಅದರ ಜೊತೆಗೇ ಸ್ನಾಯುವಿನಲ್ಲಿ ಆಮ್ಲತೆ ಏರುತ್ತದೆ. ತೊಡೆ ಕಲ್ಲಾದಂತೆ ಅನ್ನಿಸುವುದು ಆಗಲೇ. ಕೊನೆಯ ಇನ್ನೂರು ಮೀಟರಿಗೆ ಇಟ್ಟುಕೊಳ್ಳಬೇಕಾದ ಶಕ್ತಿಯನ್ನು ಮೊದಲ ಇನ್ನೂರಕ್ಕೇ ಸುರಿದರೆ ಮತ್ತೆ ಅದನ್ನು ತುಂಬಿಕೊಳ್ಳಲು ಓಟದ ನಡುವೆ ಎಡೆಯೇ ಇಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಹೇಳಿಕೊಡುವುದಿಲ್ಲ. ಟ್ರ್ಯಾಕಿನ 400 ಮೀಟರು ಅಳೆಯುವುದು ಒಳಗಿನ ಸಾಲಿನಲ್ಲಿ. ಒಂದು ಸಾಲಿನ ಅಗಲ 1.22 ಮೀಟರು. ಒಂದು ಸಾಲು ಹೊರಗೆ ಓಡಿದರೆ ಸುತ್ತಿಗೆ ಸುಮಾರು ಏಳೂವರೆ ಮೀಟರು ಹೆಚ್ಚಾಗುತ್ತದೆ. ನಾಲ್ಕು ಸುತ್ತಿಗೆ ಮೂವತ್ತು ಮೀಟರು, ಸಮಯದಲ್ಲಿ ಆರು ಸೆಕೆಂಡು. ಗುಂಪಿನ ಹೊರಗೆ ಹೊರಗೇ ಓಡಿದವನು ಗೊತ್ತಿಲ್ಲದೆಯೇ 1.6 ಕಿಲೋಮೀಟರಿಗಿಂತ ಹೆಚ್ಚು ಓಡಿರುತ್ತಾನೆ. ಹಾಗಾಗಿ ತಿರುವಿನಲ್ಲಿ ಯಾರನ್ನೂ ದಾಟಲು ಹೋಗಬಾರದು. ತಿರುವಿನಲ್ಲಿ ಒಳಗೆ ಸೇರಿಕೊಂಡು ಕಾಯಿರಿ, ನೇರ ದಾರಿ ಸಿಕ್ಕಾಗ ದಾಟಿ. ಆರಂಭದ ನೂಕುನುಗ್ಗಲಿನಲ್ಲಿ ಮೊಣಕೈ ತಾಗುತ್ತದೆ, ಹಿಮ್ಮಡಿಯನ್ನು ತುಳಿಯುತ್ತಾರೆ. ಆ ಮೊದಲ ನೂರು ಮೀಟರು ಬೀಳದೆ ದಾಟುವುದೇ ಸಾಧನೆ. ಮುಂದಿನ ಸಾಲಿಗಾಗಿ ಹೊಡೆದಾಡುವ ಅಗತ್ಯವಿಲ್ಲ, ಮೊದಲ ಮೂರನೇ ಒಂದು ಭಾಗದೊಳಗಿದ್ದರೆ ಸಾಕು.

ತಯಾರಿಯ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ದಿನಾ ಬೆಳಿಗ್ಗೆ 1.6 ಕಿಲೋಮೀಟರನ್ನು ಜೀವ ಬಿಟ್ಟು ಓಡಿ ಸಮಯ ನೋಡಿಕೊಳ್ಳುವುದು ಪರೀಕ್ಷೆ, ಅಭ್ಯಾಸವಲ್ಲ. ಹಾಗೆ ಓಡುವವರು ಮೊದಲ ತಿಂಗಳು ಸುಧಾರಿಸುತ್ತಾರೆ, 5:55ರ ಹತ್ತಿರ ಬಂದು ನಿಂತುಬಿಡುತ್ತಾರೆ, ಆಮೇಲೆ ಕಾಲುನೋವು. ಐದಾರು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಉಸಿರಿನಿಂದ, ಹೃದಯ ಪಂಪು ಮಾಡುವ ರಕ್ತದಿಂದ ಬರುತ್ತದೆ. ನಮ್ಮವರು ದಮ್ಮು ಅನ್ನುವುದು ಇದನ್ನೇ. ದಮ್ಮು ಬೆಳೆಯುವುದು ನಿಧಾನವಾದ ಉದ್ದ ಓಟದಲ್ಲಿ. ವಾರಕ್ಕೆ ಎರಡು ದಿನ ಐದರಿಂದ ಎಂಟು ಕಿಲೋಮೀಟರು, ಪಕ್ಕದಲ್ಲಿ ಓಡುವ ಗೆಳೆಯನ ಜೊತೆ ಮಾತಾಡುತ್ತಾ ಹೋಗುವಷ್ಟು ಮೆಲ್ಲಗೆ ಓಡಬೇಕು. ಮಾತು ತುಂಡಾದರೆ ವೇಗ ಹೆಚ್ಚಾಗಿದೆ ಎಂದು ಅರ್ಥ. ಇಷ್ಟು ಮೆಲ್ಲಗೆ ಓಡಿದರೆ ಏನು ಪ್ರಯೋಜನ ಎಂದು ಎಲ್ಲ ಹುಡುಗರೂ ಕೇಳುತ್ತಾರೆ. ಎರಡು ತಿಂಗಳ ಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ದಿನ ಬಿಟ್ಟು ಬಿಟ್ಟು ಓಡುವ ಅಭ್ಯಾಸ. 400 ಮೀಟರನ್ನು 90 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆಯಿರಿ, ಮತ್ತೆ ಓಡಿ. ಹೀಗೆ ಐದಾರು ಸಲ. ಎಲ್ಲ ಸುತ್ತುಗಳೂ ಒಂದೇ ಸಮಯಕ್ಕೆ ಬರಬೇಕು, ಅದೇ ಇದರ ಪಾಠ. ಮೊದಲನೆಯದು 78, ಕೊನೆಯದು 98 ಬಂದರೆ ಆ ದಿನದ ಅಭ್ಯಾಸ ಕೆಟ್ಟಿತು. ಎರಡು ಮೂರು ವಾರಕ್ಕೊಮ್ಮೆ ಸುತ್ತಿನ ಸಮಯವನ್ನು ಎರಡು ಸೆಕೆಂಡಿನಂತೆ ಇಳಿಸುತ್ತಾ 80ಕ್ಕೆ ತನ್ನಿ. ನಾಲ್ಕನೆಯ ದಿನ 800 ಮೀಟರಿನ ಮೂರು ಓಟ, ನಡುವೆ ನಾಲ್ಕು ನಿಮಿಷ ವಿರಾಮ. ಪೂರ್ತಿ 1.6 ಕಿಲೋಮೀಟರನ್ನು ಗಡಿಯಾರ ಹಿಡಿದು ಓಡುವುದು ಮೂರು ವಾರಕ್ಕೊಮ್ಮೆ ಸಾಕು. ಇದುವರೆಗೆ ಓಡಿಯೇ ಇಲ್ಲದವರು ಮೊದಲ ನಾಲ್ಕು ವಾರ ಗಡಿಯಾರದ ಗೊಡವೆಗೇ ಹೋಗದೆ, ಸ್ವಲ್ಪ ನಡೆದು ಸ್ವಲ್ಪ ಓಡಿ ಕಾಲಿನ ಎಲುಬುಗಳನ್ನು ಹದಕ್ಕೆ ತರಬೇಕು. ಒಟ್ಟಿನಲ್ಲಿ ನಾಲ್ಕು ತಿಂಗಳಿದ್ದರೆ ತಯಾರಿ ಸಲೀಸು. ಅಧಿಸೂಚನೆ ಬಂದ ಮೇಲೆ ಶುರು ಮಾಡುವವರಿಗೆ ಅಷ್ಟು ಕಾಲ ಸಿಗುವುದಿಲ್ಲ.

ಎಲ್ಲಿ ಓಡುತ್ತೀರಿ ಎಂಬುದೂ ಮುಖ್ಯ. ಊರ ಅಗಸೆಯಿಂದ ಕೆರೆ ಏರಿಯವರೆಗೆ ಬೈಕ್ ಮೀಟರಿನಲ್ಲಿ 1.6 ಬಂತು ಎಂದು ಅದನ್ನೇ ಅಳತೆ ಮಾಡಿಕೊಳ್ಳುತ್ತಾರೆ. ಬೈಕ್ ಮೀಟರು ಐವತ್ತು ಮೀಟರು ತಪ್ಪು ತೋರಿಸಿದರೂ ಹತ್ತು ಸೆಕೆಂಡಿನ ಸುಳ್ಳು ಸಮಾಧಾನ ಸಿಗುತ್ತದೆ. ತಿಂಗಳಿಗೊಮ್ಮೆಯಾದರೂ ತಾಲ್ಲೂಕಿನ 400 ಮೀಟರ್ ಟ್ರ್ಯಾಕಿಗೆ ಹೋಗಿ ನೋಡಿ. ದಿನದ ಓಟಕ್ಕೆ ಟಾರು ರಸ್ತೆಗಿಂತ ಹೊಲದ ಮಣ್ಣಿನ ದಾರಿ ಮೇಲು. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ಬರುವ ನೋವನ್ನು ಈ ಹುಡುಗರಲ್ಲಿ ಬಹಳ ಸಲ ಕಾಣುತ್ತೇವೆ. ಎಲುಬು ಹೊಂದಿಕೊಳ್ಳುವುದಕ್ಕಿಂತ ವೇಗವಾಗಿ ಓಟವನ್ನು ಏರಿಸಿದ್ದರಿಂದ ಬರುವ ನೋವು ಇದು. ಎಲುಬಿನ ಉದ್ದಕ್ಕೆ ನೋವು ಹರಡಿದ್ದರೆ ವಾರ ಎರಡು ವಾರ ಓಟ ಕಡಿಮೆ ಮಾಡಿದರೆ ಹೋಗುತ್ತದೆ. ಒಂದೇ ಕಡೆ, ಬೆರಳಿಟ್ಟು ತೋರಿಸುವಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಎಲುಬು ಸಣ್ಣದಾಗಿ ಬಿರುಕು ಬಿಟ್ಟಿರಬಹುದು. ಆಗ ಓಟ ನಿಲ್ಲಿಸಿ ಮೂಳೆ ವೈದ್ಯರ ಹತ್ತಿರ ಹೋಗಲೇಬೇಕು. ನೋವಿನ ಗುಳಿಗೆ ನುಂಗಿ ಓಡಿದವರು ರ್‍ಯಾಲಿಯ ದಿನ ಕುಂಟಿದ್ದನ್ನು ನೋಡಿದ್ದೇನೆ.

ಬೀಮ್‌ಗೆ ಜಿಮ್ ಬೇಕಿಲ್ಲ. ದಪ್ಪ ಬೇವಿನ ಕೊಂಬೆ, ಹಿತ್ತಲಲ್ಲಿ ಎರಡು ಕಂಬಕ್ಕೆ ಬಿಗಿದ ಕಬ್ಬಿಣದ ಪೈಪು ಸಾಕು. ಅಂಗೈ ಮುಂದಕ್ಕೆ ಮುಖ ಮಾಡಿರುವಂತೆ ಹಿಡಿದೇ ಅಭ್ಯಾಸ ಮಾಡಿ, ಅದು ಕಷ್ಟದ ಹಿಡಿತ. ಕೈ ಪೂರ್ತಿ ನೆಟ್ಟಗಾಗುವಂತೆ ಇಳಿಯಬೇಕು, ಗದ್ದ ಪೈಪಿನ ಮೇಲೆ ಬರಬೇಕು. ಕಾಲು ಬೀಸಿ ಜೋಲಿ ಹೊಡೆದು ಏರಿದ್ದನ್ನು ಎಣಿಸುವ ಸುಬೇದಾರರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಿಮ್ಮ ಶಕ್ತಿ ಮಾತ್ರ ಖರ್ಚಾಗಿರುತ್ತದೆ. ಒಂದೂ ಎಳೆಯಲಾಗದವರು ಸ್ಟೂಲಿನ ಮೇಲೆ ನಿಂತು ಗದ್ದ ಮೇಲಿಟ್ಟುಕೊಂಡು, ಐದು ಎಣಿಸುವಷ್ಟು ಹೊತ್ತು ತೆಗೆದುಕೊಂಡು ನಿಧಾನವಾಗಿ ಇಳಿಯಲಿ. ಇಳಿಯುವ ಶಕ್ತಿ ಬಂದ ಕೆಲವೇ ವಾರದಲ್ಲಿ ಏರುವ ಶಕ್ತಿ ಬರುತ್ತದೆ. ನಾಲ್ಕೈದು ಎಳೆಯುವವರು ಹತ್ತಕ್ಕೆ ಹೋಗಲು ಒಂದು ಹಳೆಯ ಉಪಾಯವಿದೆ. ಸುಸ್ತಾಗಿ ಬೀಳುವವರೆಗೆ ಎಳೆಯಬೇಡಿ. ಹಿತ್ತಲಿಗೆ ಹೋದಾಗಲೆಲ್ಲ ಎರಡೋ ಮೂರೋ ಎಳೆದು ಬನ್ನಿ. ದಿನಕ್ಕೆ ಎಂಟು ಹತ್ತು ಸಲ ಹೀಗೆ ಮಾಡಿದರೆ ಬಳಲಿಕೆಯೇ ಇಲ್ಲದೆ ಇಪ್ಪತ್ತೈದು ಆಗಿರುತ್ತದೆ. ವಾರಕ್ಕೊಂದು ದಿನ ಮಾತ್ರ ಓಟ ಮುಗಿಸಿ ಏದುಸಿರಿನಲ್ಲೇ ಬೀಮ್‌ಗೆ ಜೋತು ಬೀಳಿ, ಯಾಕೆಂದರೆ ರ್‍ಯಾಲಿಯಲ್ಲಿ ನಿಮ್ಮ ಹತ್ತು ಬರಬೇಕಾದದ್ದು ಓಟದ ನಂತರ. ಮನೆಯಲ್ಲಿ 12 ಎಳೆಯುವವನಿಗೆ ಅಲ್ಲಿ 10 ಬರುತ್ತದೆ.

ಹಳ್ಳದ ಜಿಗಿತ ಒಂಬತ್ತು ಅಡಿ, ಅಂದರೆ 2.74 ಮೀಟರು. ಓಡಿ ಬಂದು ಹಾರುವುದರಿಂದ ದೂರ ದೊಡ್ಡದಲ್ಲ, ಹಳ್ಳದ ಅಂಚು ಕಂಡಾಗ ಹೆಜ್ಜೆ ತಡವರಿಸುವುದೇ ತೊಂದರೆ. ಯಾವ ಕಾಲಿನಿಂದ ಚಿಮ್ಮುತ್ತೀರಿ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಂಡು, ಹೊಲದ ಕಾಲುವೆಯ ಮೇಲೆ ಹಾರಿ ರೂಢಿಸಿಕೊಂಡರೆ ಮುಗಿಯಿತು. ಅಂಕುಡೊಂಕು ಹಲಗೆಯ ಮೇಲೆ ಕಾಲು ನೋಡದೆ ಎರಡು ಹೆಜ್ಜೆ ಮುಂದೆ ನೋಡಿ ನಡೆಯಿರಿ. ಗದ್ದೆಯ ಬದುವಿನ ಮೇಲೆ ಓಡಾಡಿ ಬೆಳೆದವರಿಗೆ ಇದು ಆಟ.

ಇಷ್ಟೆಲ್ಲ ಬೆವರು ಸುರಿಸುವ ಮೊದಲು ಒಂದು ಸಂಜೆಯನ್ನು ಮೈ ಪರೀಕ್ಷೆಗೆ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. ದಕ್ಷಿಣದ ರಾಜ್ಯಗಳವರಿಗೆ ಜನರಲ್ ಡ್ಯೂಟಿ ಹುದ್ದೆಗೆ ಎತ್ತರ 166 ಸೆಂಟಿಮೀಟರು ಬೇಕು, ಎದೆ 77 ಇದ್ದು ಉಸಿರೆಳೆದಾಗ 5 ಸೆಂಟಿಮೀಟರು ಹಿಗ್ಗಬೇಕು. ಎತ್ತರವನ್ನು ಬದಲಿಸಲಾಗದು. ಎದೆಯ ಹಿಗ್ಗನ್ನು ಅಭ್ಯಾಸದಿಂದ ಪಡೆಯಬಹುದು. ಉಸಿರನ್ನು ಪೂರ್ತಿ ಹೊರಬಿಡುವುದನ್ನು ಕಲಿತವನಿಗೆ ಎಳೆದಾಗ ಐದು ಸುಲಭವಾಗಿ ಬರುತ್ತದೆ. ಒದ್ದೆ ಕಾಲನ್ನು ಕಡಪಾ ಕಲ್ಲಿನ ಮೇಲೆ ಊರಿ ನೋಡಿ. ಅಂಗಾಲಿನ ನಡುಭಾಗ ಒಣಗಿಯೇ ಉಳಿಯದೆ ಇಡೀ ಪಾದದ ಗುರುತು ಮೂಡಿದರೆ ಚಪ್ಪಟೆ ಪಾದವಿರಬಹುದು. ನೆಟ್ಟಗೆ ನಿಂತಾಗ ಮೊಣಕಾಲುಗಳು ಒಂದಕ್ಕೊಂದು ತಾಗಿ ಹಿಮ್ಮಡಿಗಳ ನಡುವೆ ಅಗಲ ಉಳಿದರೆ ವೈದ್ಯರಿಗೆ ತೋರಿಸಿ. ಬಣ್ಣಗುರುಡು ತನಗಿದೆ ಎಂಬುದು ಎಷ್ಟೋ ಹುಡುಗರಿಗೆ ಸೇನೆಯ ವೈದ್ಯರು ಚುಕ್ಕಿಗಳ ಪುಸ್ತಕ ಹಿಡಿದಾಗಲೇ ಗೊತ್ತಾಗುವುದು. ಎರಡು ವರ್ಷ ಓಡಿ ಆ ದಿನ ಅದನ್ನು ತಿಳಿಯುವುದಕ್ಕಿಂತ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಇವತ್ತೇ ತಿಳಿಯುವುದು ಒಳ್ಳೆಯದು. ಹಚ್ಚೆಯ ವಿಷಯದಲ್ಲಿ ಸೇನೆ ಕಟ್ಟುನಿಟ್ಟು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಹಾಕಿಸಿಕೊಂಡವರಿಗೆ ಅವಕಾಶವಿಲ್ಲ, ಪದ್ಧತಿಯಂತೆ ಹಚ್ಚೆ ಹಾಕಿಸುವ ಬುಡಕಟ್ಟುಗಳಿಗೆ ಮಾತ್ರ ವಿನಾಯಿತಿ. ಜಾತ್ರೆಯಲ್ಲಿ ತೋಳಿನ ಮೇಲೆ ಹೆಸರು ಬರೆಸಿಕೊಳ್ಳುವ ತಮ್ಮಂದಿರಿಗೆ ಇದನ್ನು ಹೇಳಿ.

ಹೆಣ್ಣುಮಕ್ಕಳಿಗೆ ಮಹಿಳಾ ಮಿಲಿಟರಿ ಪೊಲೀಸ್ ದಳದ ಬಾಗಿಲು ತೆರೆದಿದೆ. ಈ ದಳದ ಮೊದಲ 83 ಮಂದಿ ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದಲೇ, 2021ರ ಮೇ ತಿಂಗಳಲ್ಲಿ. ಅವರಿಗೆ ಅದೇ 1.6 ಕಿಲೋಮೀಟರು, ಮೊದಲ ಗುಂಪಿಗೆ 7 ನಿಮಿಷ 30 ಸೆಕೆಂಡು, ಎರಡನೆಯದಕ್ಕೆ 8 ನಿಮಿಷ. ಬೀಮ್ ಇಲ್ಲ, ಹತ್ತು ಅಡಿ ಉದ್ದಜಿಗಿತ, ಮೂರು ಅಡಿ ಎತ್ತರಜಿಗಿತ ಇವೆ. 7:30 ಅಂದರೆ ಸುತ್ತಿಗೆ 112.5 ಸೆಕೆಂಡು. ಮೇಲೆ ಹೇಳಿದ ಅಭ್ಯಾಸವೇ ಸುತ್ತಿನ ಸಮಯ ಬದಲಿಸಿಕೊಂಡರೆ ಇವರಿಗೂ ಒಪ್ಪುತ್ತದೆ. ಕಬ್ಬಿಣಾಂಶದ ಕೊರತೆ ನಮ್ಮ ಹುಡುಗಿಯರಲ್ಲಿ ಬಹಳ. ಓಟ ಎಷ್ಟು ಮಾಡಿದರೂ ದಮ್ಮು ಏರದಿದ್ದರೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ, ತಪ್ಪು ಅಭ್ಯಾಸದಲ್ಲಿಲ್ಲದಿರಬಹುದು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೊಟ್ಟಿ, ಮುದ್ದೆ, ಹೆಸರುಕಾಳು, ಶೇಂಗಾ, ಮೊಟ್ಟೆ, ಬಾಳೆಹಣ್ಣು ಇವುಗಳಲ್ಲಿ ಬೇಕಾದ್ದೆಲ್ಲ ಇದೆ. ಡಬ್ಬಿಯ ಪುಡಿಗೆ ಸಾಲ ಮಾಡಬೇಡಿ. ದಮ್ಮು ಏರಿಸುವ ಇಂಜೆಕ್ಷನ್, ಗುಳಿಗೆ ಎಂದು ಮೈದಾನದ ಅಂಚಿನಲ್ಲಿ ಮಾರುವವರಿದ್ದಾರೆ. ಅಂಥದ್ದು ತೆಗೆದುಕೊಂಡವರನ್ನು ಅನರ್ಹಗೊಳಿಸುವುದಾಗಿ ಸೇನೆ ಹೇಳಿಯೇ ಇದೆ, ಅದಕ್ಕಿಂತ ದೊಡ್ಡದು ಎಳೆಯ ಹೃದಯಕ್ಕೆ ಆಗುವ ಅಪಾಯ. ದುಡ್ಡು ಕೊಟ್ಟರೆ ಸೇರಿಸುತ್ತೇನೆ ಎನ್ನುವ ದಲ್ಲಾಳಿಯ ಆಟ ಇನ್ನೂ ಕ್ರೂರ. ಅವನು ಇಪ್ಪತ್ತು ಹುಡುಗರಿಂದ ಹಣ ಪಡೆಯುತ್ತಾನೆ, ತಮ್ಮ ಕಾಲಿನ ಬಲದಿಂದಲೇ ಪಾಸಾದ ಇಬ್ಬರ ಹಣವನ್ನು ತನ್ನ ಪ್ರಭಾವದ ಫಲವೆಂದು ಇಟ್ಟುಕೊಳ್ಳುತ್ತಾನೆ. ಎಮ್ಮೆ ಮಾರಿದ ದುಡ್ಡು ಅವನ ಕೈಗೆ ಹೋಗಬಾರದು.

ರ್‍ಯಾಲಿಯ ಹಿಂದಿನ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಆ ವಾರದಲ್ಲಿ ಹೊಸ ಶಕ್ತಿ ಬರುವುದಿಲ್ಲ, ಇದ್ದದ್ದು ಉಳಿಯಬೇಕು ಅಷ್ಟೆ. ಹೊಸ ಬೂಟು ಆ ದಿನ ಬೇಡ, ತಿಂಗಳಾದರೂ ಓಡಿ ಪಳಗಿದ ಜೋಡಿಯೇ ಇರಲಿ. ಕರೆ ಬರುವುದು ಬಹುತೇಕ ನಡುರಾತ್ರಿಗೋ ಬೆಳಗಿನ ಜಾವಕ್ಕೋ. ದಾಖಲೆ ನೋಡಿ, ಎತ್ತರ ಅಳೆದು, ಸಾಲಾಗಿ ನೆಲದ ಮೇಲೆ ಕೂರಿಸುತ್ತಾರೆ. ಒಂದೆರಡು ತಾಸು ಕೂತ ಕಾಲು ಮರಗಟ್ಟಿರುತ್ತದೆ. ಹಾಗಾಗಿ ನಿಮ್ಮ ಸಾಲಿನ ಸರದಿ ಹತ್ತಿರ ಬಂದಾಗ ಕೂತಲ್ಲೇ ಪಾದ, ಮೀನಖಂಡ ಆಡಿಸುತ್ತಿರಿ, ಎಬ್ಬಿಸಿದ ಕೂಡಲೇ ನಿಂತಲ್ಲೇ ಜಿಗಿದು ಮೈ ಬಿಸಿ ಮಾಡಿಕೊಳ್ಳಿ. ಓಟಕ್ಕೆ ಎರಡು ಮೂರು ತಾಸು ಮೊದಲು ಬಾಳೆಹಣ್ಣು, ಸ್ವಲ್ಪ ಬೆಲ್ಲ ಸಾಕು. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಹೊಟ್ಟೆ ತುಂಬ ಬೇಡ. ದಾಖಲೆಗಳನ್ನು ಹಿಂದಿನ ದಿನವೇ ಜೋಡಿಸಿಡಿ. ಆಧಾರ್, ಅಂಕಪಟ್ಟಿ, ಜಾತಿ ಮತ್ತು ವಾಸಸ್ಥಳ ಪ್ರಮಾಣಪತ್ರಗಳಲ್ಲಿ ನಿಮ್ಮ ಹೆಸರು, ತಂದೆಯ ಹೆಸರು ಒಂದೇ ಬಗೆಯಲ್ಲಿ ಇದೆಯೇ ಎಂದು ತಿಂಗಳ ಮೊದಲೇ ನೋಡಬೇಕು. ಒಂದು ಅಕ್ಷರದ ವ್ಯತ್ಯಾಸಕ್ಕೆ ನಾಡಕಚೇರಿಯ ಬಾಗಿಲು ಕಾಯುವ ಕೆಲಸ ರ್‍ಯಾಲಿಯ ಹಿಂದಿನ ದಿನ ಆಗುವಂಥದ್ದಲ್ಲ.

ಮೆಡಿಕಲ್‌ಗೆ ಹೋಗುವ ಮೊದಲು ಕಿವಿಯ ಗುಗ್ಗೆಯನ್ನು ವೈದ್ಯರ ಬಳಿ ತೆಗೆಸಿಕೊಳ್ಳಿ. ಇಷ್ಟು ಸಣ್ಣ ಸಂಗತಿಗೆ ತಡೆಹಿಡಿಸಿಕೊಂಡವರಿದ್ದಾರೆ. ಅನರ್ಹ ಎಂದು ಬರೆದರೆ ಅಲ್ಲಿಗೇ ಅಳುತ್ತಾ ಬಸ್ಸು ಹತ್ತಬೇಡಿ. ಮರುಪರೀಕ್ಷೆಗೆ ಅವಕಾಶವಿರುವ ಪ್ರಕರಣಗಳಲ್ಲಿ ಸೂಚಿಸಿದ ಸೇನಾ ಆಸ್ಪತ್ರೆಗೆ ಹೋಗಿ ತಜ್ಞರಿಗೆ ತೋರಿಸಬಹುದು, ಅದಕ್ಕೆ ಕೊಡುವ ದಿನಗಳು ಮಾತ್ರ ಕಡಿಮೆ. ಚೀಟಿಯಲ್ಲಿ ಯಾವ ಕಾರಣ ಬರೆದಿದ್ದಾರೆ, ಯಾವ ಆಸ್ಪತ್ರೆ, ಯಾವ ದಿನದೊಳಗೆ, ಈ ಮೂರನ್ನು ಅಲ್ಲೇ ನಿಂತು ಓದಿಸಿಕೊಂಡು, ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ಮೈದಾನ ಬಿಡಿ.